ಫತೋರ್ಡಾ ಹತ್ತಿರ, ಕಂಠೀರವ ದೂರ

ಪತ್ರ: ‘ಸಂಪಾದಕರಿಗೆ ನಮಸ್ಕಾರ. ನಾನು ಗದಗ-ಬೆಟಗೇರಿಯವನು, ರೈಲ್ವೆಯಿಂದ ನಿವೃತ್ತನಾದವನು. 2013ರಲ್ಲಿ ಬೆಂಗಳೂರು ಎಫ್‌ಸಿ ಎಂಬ ಫುಟ್‌ಬಾಲ್ ತಂಡ ಹುಟ್ಟಿದಂದಿನಿಂದ ಅದರ ಅಭಿಮಾನಿ. 2025ರ ಏಪ್ರಿಲ್ 12ರ ರಾತ್ರಿ ಕೋಲ್ಕತ್ತದ ಐಎಸ್‌ಎಲ್ (ಇಂಡಿಯನ್ ಸೂಪರ್ ಲೀಗ್) ಫೈನಲ್‌ನಲ್ಲಿ ನಮ್ಮವರು ಮೋಹನ್ ಬಾಗನ್‌ಗೆ 1–2ರಿಂದ ಸೋತಾಗ ಟಿ.ವಿ. ಆರಿಸಿ ಅಂಗಳದಲ್ಲಿ ಒಬ್ಬನೇ ಕುಳಿತೆ. ಮಗ ಬಂದು, “ಅಪ್ಪಾ, ಇನ್ನ ಸಾಕು ಮಾಡ್ರಿ, ಅವರೇನು ನಿಮ್ಮನ್ನ ಕೇಳ್ಯಾರ?” ಎಂದ. ಜೂನ್‌ನಲ್ಲಿ ಆರ್‌ಸಿಬಿ ಗೆದ್ದಾಗ ಓಣಿಯೆಲ್ಲ ಪಟಾಕಿ. ನನ್ನ ತಂಡ ಗೆದ್ದರೂ ಓಣಿಗೆ ತಿಳಿಯದು, ಸೋತರೂ ತಿಳಿಯದು. ಈಗ ಮುಂದಿನ ಐಎಸ್‌ಎಲ್ ಋತುವನ್ನೇ ತಡೆಹಿಡಿದಿದ್ದಾರಂತೆ. ಈ ವಯಸ್ಸಿನಲ್ಲಿ ಈ ಅಭಿಮಾನವನ್ನು ಇಟ್ಟುಕೊಳ್ಳಲೋ, ಬಿಡಲೋ?’

ಉತ್ತರ: ಮಾನ್ಯರೆ, ನಾಲ್ಕು ಪುಟಗಳ ನಿಮ್ಮ ಪತ್ರವನ್ನು ಇಷ್ಟಕ್ಕೆ ಇಳಿಸಿದ್ದಕ್ಕಾಗಿ ಕ್ಷಮೆ ಕೇಳುತ್ತೇನೆ. ಕತ್ತರಿಸಿದ್ದರಲ್ಲಿ ಬಹುಪಾಲು ಆ ಫೈನಲ್‌ನ 72ನೆಯ ನಿಮಿಷದ ಪೆನಾಲ್ಟಿಗೆ ಸಂಬಂಧಿಸಿದ್ದು. ಚೆಂಡು ನಮ್ಮ ರಕ್ಷಣಾ ಆಟಗಾರನ ಕೈಗೆ ತಾಗಿದ್ದನ್ನು ನೀವೂ ಕಂಡಿದ್ದೀರಿ, ನಾನೂ ಕಂಡಿದ್ದೇನೆ. ಆದ್ದರಿಂದ ರೆಫರಿಯ ವಂಶಾವಳಿಯನ್ನು ಅಚ್ಚು ಹಾಕಿಸುವ ಅಗತ್ಯ ನನಗೆ ಕಾಣಲಿಲ್ಲ.

ನಿಮ್ಮ ಮಗನ ಮಾತಿನಲ್ಲಿ ತಥ್ಯವಿಲ್ಲವೆಂದು ನಾನು ಹೇಳಲಾರೆ. ತಂಡವೆಂದರೆ ಇಂದು ಒಂದು ವ್ಯವಹಾರ, ಆಟಗಾರರು ಬರುತ್ತಾರೆ ಹೋಗುತ್ತಾರೆ, ಬೆಟಗೇರಿಯ ಅಂಗಳದಲ್ಲಿ ಯಾರು ಕುಳಿತಿದ್ದಾರೆಂದು ಅವರಿಗೆ ತಿಳಿಯುವ ಬಗೆಯೂ ಇಲ್ಲ. ಮಗ ತಂದೆಯ ಆರೋಗ್ಯದ ಚಿಂತೆಯಿಂದ ಆಡಿದ ಮಾತು ಅದು, ಅದಕ್ಕೆ ನನ್ನ ಗೌರವವಿದೆ. ಆರ್‌ಸಿಬಿಯ ಹೋಲಿಕೆಗೆ ಮಾತ್ರ ನಾನು ಇಳಿಯುವುದಿಲ್ಲ. ಹದಿನೆಂಟು ವರ್ಷ ಕಾದ ಕಪ್ಪು ಜೂನ್ 3ರಂದು ಬಂದ ಮರುದಿನವೇ ಚಿನ್ನಸ್ವಾಮಿ ಕ್ರೀಡಾಂಗಣದ ಬಾಗಿಲಲ್ಲಿ ಹನ್ನೊಂದು ಮಂದಿ ಕಾಲ್ತುಳಿತಕ್ಕೆ ಸಿಕ್ಕಿ ತೀರಿಕೊಂಡ ಮೇಲೆ ಪಟಾಕಿಯ ಮಾತನ್ನು ಎತ್ತಲು ನನಗೆ ಮನಸ್ಸು ಬರುತ್ತಿಲ್ಲ.

ಈಗ ನಿಮ್ಮ ತಂಡದ ವಿಷಯ. ನೀವು ಈ ಋತುವನ್ನು ಒಂದೇ ರಾತ್ರಿಯ ಅಳತೆಗೋಲಿನಿಂದ ಅಳೆದಿದ್ದೀರಿ, ಅದು ನಿಮ್ಮಂಥ ಹಳಬರಿಗೆ ಶೋಭಿಸುವುದಿಲ್ಲ. ಹಿಂದಿನ ಋತುವಿನಲ್ಲಿ ಹನ್ನೆರಡು ತಂಡಗಳಲ್ಲಿ ಹತ್ತನೆಯ ಸ್ಥಾನಕ್ಕೆ ಕುಸಿದಿದ್ದ ತಂಡವಿದು. ಅದೇ ತಂಡ 2024ರ ಸೆಪ್ಟೆಂಬರ್ 28ರಂದು ಬೆಂಗಳೂರಿನ ತನ್ನ ತವರು ಕ್ರೀಡಾಂಗಣವಾದ ಕಂಠೀರವದಲ್ಲಿ ಇದೇ ಮೋಹನ್ ಬಾಗನ್ ತಂಡವನ್ನು 3–0ರಿಂದ ಮಣಿಸಿತು. ಡಿಸೆಂಬರ್ 7ರಂದು ಕೇರಳ ಬ್ಲಾಸ್ಟರ್ಸ್ ವಿರುದ್ಧ ನಮ್ಮ ಸುನಿಲ್ ಛೆಟ್ರಿ ಮೂರು ಗೋಲು ಹೊಡೆದಾಗ ಅವರ ವಯಸ್ಸು 40 ದಾಟಿತ್ತು. ಐಎಸ್‌ಎಲ್‌ನಲ್ಲಿ ಅಷ್ಟು ವಯಸ್ಸಿನವರು ಅದುವರೆಗೆ ಹ್ಯಾಟ್ರಿಕ್ ಗಳಿಸಿರಲಿಲ್ಲ. ಆಮೇಲೆ ಜನವರಿ ಬಂತು. ಪಟ್ಟಿಯ ಬುಡದಲ್ಲಿದ್ದ ಮೊಹಮ್ಮಡನ್ ತಂಡದವರು ಕಂಠೀರವಕ್ಕೇ ಬಂದು, ಪಂದ್ಯ ಮುಗಿಯಲು ಎರಡು ಮಿನಿಟು ಇರುವಾಗ ಒಂದು ಫ್ರೀ ಕಿಕ್ಕಿನಿಂದ ಗೆದ್ದು ಹೋದರು. ಅದೇ ತಿಂಗಳು ಒಡಿಶಾದ ಎದುರು ಎರಡು ಗೋಲುಗಳ ಮುನ್ನಡೆಯನ್ನು ನಮ್ಮವರು ಕೈಯಾರೆ ಕಳೆದುಕೊಂಡು 2–3ರಿಂದ ಸೋತರು. ಇಷ್ಟಾದರೂ 24 ಪಂದ್ಯಗಳಿಂದ 38 ಅಂಕ ಗಳಿಸಿ ಮೂರನೆಯವರಾಗಿ ಲೀಗ್ ಮುಗಿಸಿದರು, ನಾಕೌಟ್‌ನಲ್ಲಿ ಮುಂಬೈ ಸಿಟಿಗೆ ಐದು ಗೋಲು ಹೊಡೆದರು. ಛೆಟ್ರಿಯವರ ಗೋಲುಗಳು ಋತುವಿನ ಕೊನೆಗೆ 14. ಬೇರೆ ಯಾವ ಭಾರತೀಯ ಆಟಗಾರನೂ ಅಷ್ಟು ಹೊಡೆಯಲಿಲ್ಲ. ಇಂಥ ಋತುವನ್ನು ‘ಹಾಳಾದದ್ದು’ ಎಂದು ಬರೆದಿದ್ದೀರಿ. ನಿವೃತ್ತಿಯ ನಂತರ ನಿಮ್ಮ ನಾಲಿಗೆ ಸ್ವಲ್ಪ ಸಡಿಲವಾಗಿದೆಯೆಂದು ತೋರುತ್ತದೆ.

ಫೈನಲ್‌ನಲ್ಲಿಯೂ 49ನೆಯ ನಿಮಿಷದಲ್ಲಿ ಎದುರಾಳಿಗಳೇ ತಮ್ಮ ಬಲೆಗೆ ಚೆಂಡು ಸೇರಿಸಿ ನಮಗೆ ಮುನ್ನಡೆ ಕೊಟ್ಟಿದ್ದರು. ಪೆನಾಲ್ಟಿಯಿಂದ ಸಮವಾಯಿತು. ಹೆಚ್ಚುವರಿ ಅವಧಿಯ ಆರನೆಯ ನಿಮಿಷದಲ್ಲಿ ಬಾಗನ್‌ನ ಜೇಮಿ ಮೆಕ್ಲಾರನ್ ಹೊಡೆದರು, ಮುಗಿಯಿತು. ನಿಮ್ಮ ನೋವು ಗೆದ್ದವರು ಯಾರೆಂಬುದರಲ್ಲಿದೆ ಎಂದು ನಾನು ಬಲ್ಲೆ. 2015ರ ಮೇ 31ರಂದು, ಆಗ ದೇಶದ ಮುಖ್ಯ ಲೀಗಾಗಿದ್ದ ಐ-ಲೀಗಿನ ಕೊನೆಯ ಪಂದ್ಯದಲ್ಲಿ, ಡ್ರಾ ಸಾಕಾಗಿದ್ದ ಬಾಗನ್‌ಗೆ 87ನೆಯ ನಿಮಿಷದಲ್ಲಿ ಒಂದು ಕಾರ್ನರಿನಿಂದ ಸಮಬಲದ ಗೋಲು ಸಿಕ್ಕಿತು. ಕಂಠೀರವದ ಮಳೆಯಲ್ಲಿ ಅವರು ನಮ್ಮ ಕಣ್ಣೆದುರೇ ಟ್ರೋಫಿ ಎತ್ತಿದರು. 2023ರ ಮಾರ್ಚ್ 18ರಂದು ಗೋವಾದ ಫೈನಲ್‌ನಲ್ಲಿ 2–2ರ ಸಮಬಲದ ನಂತರ ಶೂಟೌಟ್‌ನಲ್ಲಿ ಅವರೇ ಗೆದ್ದರು. ಈಗ ಮೂರನೆಯ ಸಲ. ನಡುವೆ 2016ರಲ್ಲಿ ಏಷ್ಯಾದ ಕ್ಲಬ್ ತಂಡಗಳ ಎಎಫ್‌ಸಿ ಕಪ್ಪಿನ ಫೈನಲ್ ತಲುಪಿದ ಮೊದಲ ಭಾರತೀಯ ತಂಡವೆನಿಸಿಕೊಂಡು ದೋಹಾದಲ್ಲಿ ಇರಾಕಿನ ತಂಡಕ್ಕೆ ಒಂದೇ ಗೋಲಿನಿಂದ ಶರಣಾದದ್ದು, 2018ರಲ್ಲಿ ಲೀಗಿನ ಅಗ್ರಸ್ಥಾನದಲ್ಲಿದ್ದು ಸ್ವಂತ ಅಂಗಳದ ಫೈನಲ್‌ನಲ್ಲಿ ಚೆನ್ನೈಯಿನ್‌ಗೆ 2–3ರಿಂದ ಸೋತದ್ದು. ನಿಮ್ಮ ಪಾಲಿಗೆ ಐಎಸ್‌ಎಲ್ ಕಪ್ಪು ಬಂದದ್ದು ಒಮ್ಮೆ ಮಾತ್ರ, 2019ರಲ್ಲಿ, ಮುಂಬೈಯಲ್ಲಿ, ಗೋವಾದ ಎದುರು 117ನೆಯ ನಿಮಿಷದಲ್ಲಿ ರಾಹುಲ್ ಭೇಕೆಯವರ ತಲೆಗೆ ತಾಗಿದ ಚೆಂಡಿನಿಂದ.

ಇಷ್ಟು ಸೋಲುಗಳನ್ನು ದಿನಾಂಕ ಸಹಿತ ನೆನಪಿಟ್ಟುಕೊಂಡ ನಾವು ಹುಚ್ಚರೇ? ನಮ್ಮ ಸೀಮೆಯ ದೊಡ್ಡಾಟವನ್ನು ನೆನಪಿಸಿಕೊಳ್ಳಿ. ಕರ್ಣನ ರಥದ ಗಾಲಿ ಬೆಳಗಿನ ಜಾವ ನೆಲದಲ್ಲಿ ಹೂತೇ ಹೂಳುತ್ತದೆಂದು ಕಂಬಳಿ ಹೊದ್ದು ಕುಳಿತ ಪ್ರತಿಯೊಬ್ಬನಿಗೂ ಗೊತ್ತಿರುತ್ತದೆ, ಆದರೂ ಯಾರೂ ನಡುರಾತ್ರಿ ಎದ್ದು ಮನೆಗೆ ಹೋಗುವುದಿಲ್ಲ. ನಾನು ಹುಡುಗನಾಗಿದ್ದಾಗ ನಮ್ಮೂರಿನ ಆಟದಲ್ಲಿ ಒಳ್ಳೆಯ ಕಂಠದವನಿಗೆ ಕರ್ಣನ ಪಾತ್ರವನ್ನೇ ಕೊಡುತ್ತಿದ್ದರು. ಆದ್ದರಿಂದ ಸೋಲನ್ನು ಕಾಣಲು ಮತ್ತೆ ಮತ್ತೆ ಹೋಗುವುದನ್ನು ನಿಮಗೆ ನಾನು ಕಲಿಸಬೇಕಾಗಿಲ್ಲ. ಆದರೆ ಅಲ್ಲಿ ಮಗ್ಗುಲಲ್ಲಿ ಒಬ್ಬನು ಕುಳಿತಿರುತ್ತಾನೆ, ಕಡ್ಡಿಪೆಟ್ಟಿಗೆ ಕೇಳುತ್ತಾನೆ, ಕರ್ಣ ಬಿದ್ದಾಗ ‘ಛೇ’ ಎನ್ನುತ್ತಾನೆ. ನೀವು ಅಂಗಳದಲ್ಲಿ ಒಬ್ಬರೇ ಕುಳಿತಿರಿ. ನಿಮ್ಮ ಪತ್ರದ ನಾಲ್ಕು ಪುಟಗಳಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ್ದು ಪೆನಾಲ್ಟಿಯಲ್ಲ, ಆ ‘ಒಬ್ಬನೇ’ ಎಂಬ ಶಬ್ದ.

ಹನ್ನೆರಡು ವರ್ಷಗಳಲ್ಲಿ ನೀವು ಕಂಠೀರವಕ್ಕೆ ಹೋದದ್ದು ಎರಡು ಸಲ ಎಂದು ಬರೆದಿದ್ದೀರಿ. ನಾನು ಮೂರು ಸಲ. ಹುಬ್ಬಳ್ಳಿಯಿಂದ ಬೆಂಗಳೂರು ನಾಲ್ಕು ನೂರು ಕಿಲೋಮೀಟರಿಗೂ ಹೆಚ್ಚು. ಸಂಜೆಯ ಪಂದ್ಯ ಮುಗಿಸಿ ರಾತ್ರಿಯ ಗಾಡಿ ಹಿಡಿದರೆ ಬೆಳಿಗ್ಗೆ ಕೆಲಸಕ್ಕೆ ಹೋಗುವ ಮುಖವಿರುವುದಿಲ್ಲ. ಎಫ್‌ಸಿ ಗೋವಾ ತಂಡದ ತವರು ಕ್ರೀಡಾಂಗಣವಿರುವ ಮಡಗಾಂವ್‌ನ ಫತೋರ್ಡಾ ಅದರ ಅರ್ಧದಷ್ಟೂ ದೂರವಿಲ್ಲ. ಹೀಗಾಗಿ ಧಾರವಾಡ ಸೀಮೆಯಲ್ಲಿ ಬೆಂಗಳೂರು ತಂಡದ ಅಭಿಮಾನಿಯಾದವನಿಗೆ ತನ್ನ ತಂಡದ ತವರಿಗಿಂತ ಎದುರಾಳಿಯ ತವರು ಹತ್ತಿರ. ಇದನ್ನು ನಾನು ಈ ಪುಟದಲ್ಲಿ ಹಿಂದೆಯೂ ಬರೆದಿದ್ದೇನೆ, ಓದುಗರು ಬೇಸರಪಟ್ಟುಕೊಂಡರೂ ಮುಂದೆಯೂ ಬರೆಯುವವನಿದ್ದೇನೆ.

ಏಪ್ರಿಲ್ 6ರಂದು ಗೋವಾ ವಿರುದ್ಧದ ಸೆಮಿಫೈನಲ್‌ಗೆ ನಾನು ಫತೋರ್ಡಾಕ್ಕೆ ಹೋಗಿದ್ದೆ. ಲೋಂಡಾ, ಕ್ಯಾಸಲ್‌ರಾಕ್ ದಾಟಿ ದೂಧಸಾಗರದ ಸುರಂಗಗಳಲ್ಲಿ ಇಳಿಯುವ ಆ ಗಾಡಿಯ ಪ್ರಯಾಣವನ್ನು ರೈಲ್ವೆಯವರಾದ ನಿಮಗೆ ನಾನು ಬಣ್ಣಿಸಬೇಕೆ? ಕಿತ್ತಳೆ ಬಣ್ಣದ ಅಂಗಿಗಳ ನಡುವೆ ಬಿಳಿಯ ಅಂಗಿ ತೊಟ್ಟು ಪಕ್ಷವಿಲ್ಲದವನಂತೆ ಕುಳಿತಿದ್ದೆ. ಎರಡು ಪಂದ್ಯಗಳ ಗೋಲುಗಳನ್ನು ಕೂಡಿಸಿ ತೀರ್ಮಾನಿಸುವ ಸೆಮಿಫೈನಲ್ ಅದು. ಮೊದಲ ಪಂದ್ಯದಲ್ಲಿ ನಾವು ಗಳಿಸಿದ್ದ ಎರಡು ಗೋಲುಗಳನ್ನು ಅವರು ತೀರಿಸಿಬಿಟ್ಟರು, ಎರಡನೆಯದು 88ನೆಯ ನಿಮಿಷದಲ್ಲಿ. ಆಗಿನ ಆ ಗದ್ದಲದಲ್ಲಿ ನಾನು ನನ್ನ ಚೀಲದ ಪಟ್ಟಿಯನ್ನು ಹಿಡಿದುಕೊಂಡಿದ್ದು ನೆನಪಿದೆ. ನಾಲ್ಕು ನಿಮಿಷಗಳ ಬಳಿಕ ಛೆಟ್ರಿ ತಲೆಯಿಂದ ಚೆಂಡನ್ನು ಒಳಗೆ ತಳ್ಳಿದಾಗ ಆ ಸಾಲಿನಲ್ಲಿ ಎದ್ದು ನಿಂತವನು ನಾನೊಬ್ಬನೇ. ಪಕ್ಕದ ಮುದುಕರು ಬಹಳ ಹೊತ್ತು ನನ್ನನ್ನೇ ನೋಡಿ, ಯಾವ ಊರೆಂದು ಹಿಂದಿಯಲ್ಲಿ ಕೇಳಿದರು. ಹುಬ್ಬಳ್ಳಿ ಎಂದೆ. ‘ಹಾಗಾದರೆ ನೀವು ನಮ್ಮ ಕಡೆಯವರೇ, ಸುಮ್ಮನೆ ಕುಳಿತುಕೊಳ್ಳಿ’ ಎಂದರು. ಅವರ ತಂಡ ಹೊರಬಿದ್ದಿತ್ತು, ಆದರೆ ಅವರು ಮನೆಗೆ ನಡೆದುಕೊಂಡು ಹೋಗುವವರಿದ್ದರು, ಸುತ್ತ ಹತ್ತಾರು ಮಂದಿ ಅದೇ ಸಂಕಟವನ್ನು ಹಂಚಿಕೊಂಡು ಬಯ್ಯುತ್ತ ನಡೆಯುವವರಿದ್ದರು. ಗೆದ್ದ ನಾನು ಮಡಗಾಂವ್ ನಿಲ್ದಾಣದಲ್ಲಿ ಬೆಳಗಾಗುವುದನ್ನು ಕಾಯುತ್ತ ಒಬ್ಬನೇ ಕುಳಿತಿದ್ದೆ. ನಿಮ್ಮ ಪತ್ರ ಓದಿದಾಗ ಆ ರಾತ್ರಿ ನೆನಪಾಯಿತು.

ಗೋವಾ ಫುಟ್‌ಬಾಲನ್ನು ತನ್ನ ರಾಜ್ಯಕ್ರೀಡೆಯೆಂದು ಸಾರಿದೆ, ಅಲ್ಲಿ ಗದ್ದೆ ಕೊಯ್ದ ಮೇಲೆ ಗದ್ದೆಯೇ ಅಂಕಣ. ನಮ್ಮ ಅವಳಿನಗರದಲ್ಲಿ ಬಯಲೆಂದು ಉಳಿದಿರುವುದು ಸಭೆಗೂ ಪ್ರದರ್ಶನಕ್ಕೂ ಸರ್ಕಸ್ಸಿಗೂ ಮೊದಲು ಸಲ್ಲುತ್ತದೆ. ಹುಡುಗರು ಮಾರನೆಯ ವಾರ ಗೂಟದ ಗುಂಡಿಗಳನ್ನು ಮುಚ್ಚಿ ಆಡುತ್ತಾರೆ. 2023ರ ಮಾರ್ಚ್ 12ರಂದು ನಮ್ಮ ಸಿದ್ಧಾರೂಢಸ್ವಾಮಿ ನಿಲ್ದಾಣದಲ್ಲಿ ಪ್ರಪಂಚದ ಅತಿ ಉದ್ದನೆಯ ಪ್ಲಾಟ್‌ಫಾರ್ಮಿನ ಉದ್ಘಾಟನೆಯಾಯಿತು, ಉದ್ದ 1507 ಮೀಟರು. ಫುಟ್‌ಬಾಲ್ ಅಂಕಣದ ಉದ್ದ 105 ಮೀಟರೆಂದು ಹಿಡಿದರೆ ಹದಿನಾಲ್ಕು ಅಂಕಣಗಳನ್ನು ಒಂದರ ಬೆನ್ನಿಗೆ ಒಂದರಂತೆ ಅಲ್ಲಿ ಮಲಗಿಸಬಹುದು. ಆರು ದಿನಗಳ ಬಳಿಕ ಅದೇ ನಿಲ್ದಾಣದಿಂದ ನಮ್ಮ ಹುಡುಗರು ಗೋವಾದ ಫೈನಲ್ ನೋಡಲು ಹೊರಟರು. ಹದಿನಾಲ್ಕು ಅಂಕಣಗಳಷ್ಟು ಕಾಂಕ್ರೀಟಿಗೆ ಜಾಗ ಸಿಕ್ಕಿದ ಊರಿನಲ್ಲಿ ಐಎಸ್‌ಎಲ್‌ನ ಒಂದೇ ಒಂದು ಪಂದ್ಯ ನಡೆದಿಲ್ಲ.

ಆ ಮಾರ್ಚ್ ತಿಂಗಳು ಇನ್ನೊಂದು ಕಾರಣಕ್ಕೂ ನನಗೆ ಮರೆಯದು. ಮಾರ್ಚ್ 3ರಂದು ಕಂಠೀರವದಲ್ಲಿ ಛೆಟ್ರಿ ಸರಸರನೆ ಹೊಡೆದ ಫ್ರೀ ಕಿಕ್ ಗೋಲಾಗಿ, ಕೇರಳದವರು ಮುನಿದು ಮೈದಾನದಿಂದಲೇ ಹೊರನಡೆದರು. ಮರುದಿನ ರಿಯಾದ್‌ನಲ್ಲಿ ಮೇಘಾಲಯವನ್ನು 3–2ರಿಂದ ಸೋಲಿಸಿ ಕರ್ನಾಟಕ ರಾಜ್ಯ ತಂಡಗಳ ಫುಟ್‌ಬಾಲ್ ಪಂದ್ಯಾವಳಿಯಾದ ಸಂತೋಷ್ ಟ್ರೋಫಿ ಗೆದ್ದಿತು. 1968–69ರಲ್ಲಿ ಮೈಸೂರು ರಾಜ್ಯದ ಹೆಸರಿನಲ್ಲಿ ಗೆದ್ದ ಮೇಲೆ 54 ವರ್ಷ ಕಾದು ಬಂದ ಗೆಲುವದು. ನನ್ನ ಕಚೇರಿಗೆ ಆ ವಾರ ಬಂದ ಪತ್ರಗಳಲ್ಲಿ ಫ್ರೀ ಕಿಕ್ಕಿನ ನ್ಯಾಯಾನ್ಯಾಯದ ಬಗ್ಗೆ ಇಪ್ಪತ್ತೊಂದು ಇದ್ದವು, ರಿಯಾದ್ ಬಗ್ಗೆ ಒಂದೂ ಇರಲಿಲ್ಲ. ನಿಮ್ಮದೂ ಆ ಇಪ್ಪತ್ತೊಂದರಲ್ಲಿ ಇತ್ತು.

ತಂಡಕ್ಕೂ ನಮಗೂ ಸಂಬಂಧವಿಲ್ಲವೆಂದು ನಿಮ್ಮ ಮಗ ಹೇಳುತ್ತಾನೆ. ನಿಮ್ಮ ಮನೆಯ ಹಿಂದಿನ ಹಳಿಯ ಮೇಲೆ ಹೋಗುವ ಗೂಡ್ಸ್ ಗಾಡಿಗಳನ್ನು ಅವನಿಗೆ ತೋರಿಸಿ. ಮುರಗಾಂವ್ ಬಂದರಿನಿಂದ ಹುಬ್ಬಳ್ಳಿ, ಗದಗ, ಹೊಸಪೇಟೆಯ ಮೇಲೆ ತೋರಣಗಲ್ಲಿನ ಉಕ್ಕಿನ ಕಾರ್ಖಾನೆಗೆ ಕಲ್ಲಿದ್ದಲು ಹೋಗುವುದು ಆ ದಾರಿಯಲ್ಲೇ, ಬೆಂಗಳೂರು ಎಫ್‌ಸಿಯ ಒಡೆತನವಿರುವುದು ಆ ಕಾರ್ಖಾನೆಯ ಸಮೂಹದ ಕೈಯಲ್ಲೇ. ಎಳೆಯ ಆಟಗಾರರಿಗೆ ವಸತಿಸಹಿತ ತರಬೇತಿ ಕೊಡುವ ಅವರ ಅಕಾಡೆಮಿ ನೆಲೆಯೂರಿದ್ದು ಬಳ್ಳಾರಿ ಸೀಮೆಯ ವಿಜಯನಗರದಲ್ಲೇ. ನಮ್ಮ ಹಳಿಯ ಮೇಲೆ ಇಷ್ಟೆಲ್ಲ ಸಾಗಬಲ್ಲದಾದರೆ ಹನ್ನೊಂದು ಜನ ಆಟಗಾರರು ವರ್ಷಕ್ಕೆ ಒಂದು ದಿನ ಏಕೆ ಬರಲಾಗದು? ನಾರ್ತ್ ಈಸ್ಟ್ ಯುನೈಟೆಡ್ ಗುವಾಹಟಿಯ ತಂಡವಾದರೂ 2024–25ರ ಋತುವಿನ ಕೆಲವು ತವರು ಪಂದ್ಯಗಳನ್ನು ನೂರು ಕಿಲೋಮೀಟರ್ ಆಚೆಯ ಶಿಲ್ಲಾಂಗ್‌ನಲ್ಲಿ ಆಡಿತು. ಫೆಬ್ರುವರಿಯಲ್ಲಿ ಅಲ್ಲಿ ನಡೆದ ಮೊದಲ ಐಎಸ್‌ಎಲ್ ಪಂದ್ಯಕ್ಕೆ ಅತಿಥಿಯಾಗಿ ಹೋದದ್ದು ನಮ್ಮ ಬೆಂಗಳೂರು ತಂಡವೇ! ಶಿಲ್ಲಾಂಗ್‌ನಲ್ಲಿ ಕ್ರೀಡಾಂಗಣವಿತ್ತು, ಆದ್ದರಿಂದ ಪಂದ್ಯ ಹೋಯಿತು. ತಂಡದವರನ್ನು ಬಯ್ಯುವ ಮೊದಲು ನಮ್ಮ ಜನಪ್ರತಿನಿಧಿಗಳ ಬಾಗಿಲಿಗೆ ಹೋಗಬೇಕೆಂದು ನಾನು ಹೇಳುವುದು ಇದಕ್ಕಾಗಿ.

ನಿಮ್ಮ ಊರಿನ ಸುನಿಲ್ ಜೋಶಿಯವರ ಕಥೆ ನಿಮಗೆ ಗೊತ್ತು. ಗದಗದಿಂದ ರೈಲಿನಲ್ಲಿ ಹುಬ್ಬಳ್ಳಿಗೆ ಬಂದು ಕ್ರಿಕೆಟ್ ಅಭ್ಯಾಸ ಮಾಡಿ ಮರಳಿ ಶಾಲೆಗೆ ಹೋಗುತ್ತಿದ್ದ ಹುಡುಗ 1999ರಲ್ಲಿ ನೈರೋಬಿಯಲ್ಲಿ ದಕ್ಷಿಣ ಆಫ್ರಿಕಾದ ವಿರುದ್ಧ ಹತ್ತು ಓವರುಗಳಲ್ಲಿ ಆರು ರನ್ ಕೊಟ್ಟು ಐದು ವಿಕೆಟ್ ಕಿತ್ತ. ಜನ ಈ ಕಥೆಯಲ್ಲಿ ಹುಡುಗನ ಛಲವನ್ನು ಮಾತ್ರ ಹೊಗಳುತ್ತಾರೆ. ರೈಲು ಇಳಿದ ಕಡೆ ಅವನಿಗೊಂದು ಮೈದಾನ ಸಿಕ್ಕಿತು ಎಂಬುದನ್ನು ಯಾರೂ ಹೇಳುವುದಿಲ್ಲ. ಇಂದು ಬೆಟಗೇರಿಯ ಯಾವ ಹುಡುಗನಿಗಾದರೂ ಫುಟ್‌ಬಾಲಿನ ಹುಚ್ಚು ಹಿಡಿದರೆ ಬೆಳಗಿನ ಗಾಡಿ ಹತ್ತಿ ಅವನು ಎಲ್ಲಿ ಇಳಿಯಬೇಕು?

ನಿಮ್ಮ ಪ್ರಶ್ನೆಗೆ ಬರುತ್ತೇನೆ. ಬಿಡಬೇಡಿ. ಬಿಡುತ್ತೇನೆಂದು ಬರೆದವರು ಆ ಪೆನಾಲ್ಟಿಗೆ ಮೂರು ಪುಟ ವ್ಯಯಿಸುವುದಿಲ್ಲ, ಆದ್ದರಿಂದ ನನ್ನ ಅಪ್ಪಣೆಗಾಗಿ ನೀವು ಕಾದಿಲ್ಲವೆಂದೂ ನನಗೆ ಗೊತ್ತು. ತಡೆಹಿಡಿದ ಋತು ಎಂದು ಆರಂಭವಾದರೂ ಆಗಲಿ, ಫತೋರ್ಡಾದ ಪಂದ್ಯದ ದಿನಾಂಕ ಗೊತ್ತಾದೊಡನೆ ಕಚೇರಿಗೆ ಒಂದು ಕಾರ್ಡು ಹಾಕಿ. ನಿಮ್ಮ ಮಗನನ್ನೂ ಕರೆದುಕೊಂಡು ಬನ್ನಿ. ಮೂವರ ಟಿಕೆಟ್ಟಿನ ಖರ್ಚು ಪತ್ರಿಕೆಯದು, ಲೋಂಡಾದಲ್ಲಿ ಚಹಾ ನಿಮ್ಮದು, ಮತ್ತು ದಯವಿಟ್ಟು ನೀಲಿ ಅಂಗಿಯನ್ನು ಚೀಲದಲ್ಲಿಯೇ ಇಟ್ಟುಕೊಂಡು ಬನ್ನಿ, ಆ ಮುದುಕರು ಮತ್ತೆ ನನ್ನ ಪಕ್ಕದಲ್ಲೇ ಕುಳಿತಿರಬಹುದು.

— ಸಂಪಾದಕ