‘ಶುಗರ್’ ಪದಕ್ಕೂ ನಮ್ಮ ಸಕ್ಕರೆಗೂ ಸಂಬಂಧ ಇದೆಯಾ? ‘ಎಸ್’ ಬರೆದು ‘ಶ’ ಅನ್ನುವುದು ಯಾಕೆ?

ಸಂಬಂಧ ಇದೆ, ಎರಡೂ ಒಂದೇ ತಾಯಿಯ ಮಕ್ಕಳು. ಮೂಲ ಸಂಸ್ಕೃತದ ‘ಶರ್ಕರಾ’. ಅದಕ್ಕೆ ಮರಳು, ಹರಳುಕಲ್ಲು ಅನ್ನುವ ಅರ್ಥವೂ ಇದೆ. ಮಂಡ್ಯ ಕಡೆಯ ಆಲೆಮನೆಯಲ್ಲಿ ನಿಂತು ನೋಡಿದವರಿಗೆ ಇದು ಥಟ್ಟನೆ ಹೊಳೆಯುತ್ತದೆ. ಕೊಪ್ಪರಿಗೆಯಲ್ಲಿ ಕುದಿದ ಕಬ್ಬಿನ ಹಾಲು ಗಟ್ಟಿಯಾಗಿ, ಅಂಚಿನಲ್ಲಿ ಅಂಟಿದ್ದು ಆರಿದಾಗ ಬೆರಳಿಗೆ ಮರಳಿನ ಹಾಗೇ ತರಿತರಿ.

ಆ ಪದ ನಮ್ಮಲ್ಲಿ ‘ಸಕ್ಕರೆ’ ಆಯಿತು. ಪಶ್ಚಿಮಕ್ಕೆ ಹೋಗಿ ಪರ್ಷಿಯನ್ನಿನಲ್ಲಿ ‘ಶಕರ್’, ಅರಬ್ಬಿಯಲ್ಲಿ ‘ಸುಕ್ಕರ್’ ಆಯಿತು. ಆಮೇಲೆ ಲ್ಯಾಟಿನ್, ಫ್ರೆಂಚ್ ದಾಟಿ ಇಂಗ್ಲಿಷ್ ಸೇರಿತು.

ಈಗ ಉಚ್ಚಾರ. ಇಂಗ್ಲಿಷಿನ ‘ಶ’ ಸಂಸ್ಕೃತದಿಂದ ಉಳಿದು ಬಂದದ್ದು ಅಂತ ಜಾಸ್ತಿ ಜನ ಅಂದುಕೊಳ್ಳುತ್ತಾರೆ. ಹಾಗಲ್ಲ. ಅರಬ್ಬಿಯಿಂದ ಮುಂದಕ್ಕೆ ಹೋದದ್ದು ‘ಸ’. ಇಂಗ್ಲಿಷಿನಲ್ಲಿ ಅದರ ಪಕ್ಕ ‘ಯೂ’ ಥರದ ಸ್ವರ ಇತ್ತು. ‘ಸ್ಯು’ ಅಂತ ಬೇಗ ಬೇಗ ಹೇಳಿ ನೋಡಿ, ನಾಲಿಗೆ ತಾನಾಗಿ ‘ಶು’ ಕಡೆ ಜಾರುತ್ತದೆ ಅಲ್ವಾ? ‘ಖಂಡಿತ’ ಅನ್ನುವ ಅರ್ಥದ ‘ಶೂರ್’ (sure) ಪದದಲ್ಲೂ ಇದೇ ಆಗಿದೆ. ನುಡಿ ಬದಲಾಯಿತು, ಬರಹ ಹಾಗೇ ಉಳಿಯಿತು.

ನನಗೆ ತುಂಬಾ ಇಷ್ಟವಾಗುವುದು ಬೆಲ್ಲಕ್ಕೆ ಇಂಗ್ಲಿಷರು ಬಳಸುವ ‘ಜ್ಯಾಗರಿ’. ಅದೂ ಶರ್ಕರಾ ಸಂತಾನವೇ. ನಮ್ಮ ದಕ್ಷಿಣದ ಕರಾವಳಿಯಲ್ಲಿ ಪೋರ್ಚುಗೀಸರ ಬಾಯಿಗೆ ಬಿದ್ದು ಅಲ್ಲಿಂದ ಇಂಗ್ಲಿಷಿಗೆ ಹೋಯಿತು.

ಅರ್ಥಗಳಲ್ಲಿ ಸಿಹಿ ಗೊತ್ತೇ ಇದೆ. ಇಂಗ್ಲಿಷಿನಲ್ಲಿ ಪ್ರೀತಿಯಿಂದ ಕರೆಯಲೂ ‘ಶುಗರ್’ ಅನ್ನುತ್ತಾರೆ. ಮೈಸೂರಿನ ಹೋಟೆಲಿನಲ್ಲಿ ‘ನಂಗೆ ಶುಗರ್ ಇದೆ, ಸಕ್ಕರೆ ಬೇಡ’ ಅಂದರೆ ಮೊದಲನೆಯದು ಕಾಯಿಲೆ, ಎರಡನೆಯದು ಕಾಫಿಗೆ ಹಾಕುವುದು.