ಬೀಜ ಹಂಚುವ ಗ್ರೂಪಿಗೆ ಬಾಗಿಲು ಎಷ್ಟು ತೆರೆದಿರಬೇಕು?

ಕೈತೋಟ, ತಾರಸಿ ತೋಟದ ವಾಟ್ಸಾಪ್ ಗ್ರೂಪ್ ನಡೆಸುವವರು ಕಳಿಸಿದ ಪ್ರಶ್ನೆಗಳಿಗೆ ಈ ಸಲದ ಉತ್ತರ.

ಪ್ರಶ್ನೆ: ನಮ್ಮ ತಾರಸಿ ತೋಟದ ಗ್ರೂಪಿನಲ್ಲಿ 45 ಜನ ಚೆನ್ನಾಗಿದ್ದೆವು. ಬಡಾವಣೆಯ ಬೇರೆ ಗ್ರೂಪುಗಳಿಗೆಲ್ಲ ಸೇರುವ ಲಿಂಕ್ ಕಳಿಸಿದೆ. ಎರಡೇ ದಿನದಲ್ಲಿ 200 ದಾಟಿತು. ಈಗ ಸಾಲದ ಜಾಹೀರಾತು, ಷೇರು ಸಲಹೆಗಳೇ ತುಂಬಿವೆ. ಹಳಬರು ಮಾತನ್ನೇ ನಿಲ್ಲಿಸಿದ್ದಾರೆ. — ಓದುಗರು, ಮೈಸೂರು

ಉತ್ತರ: ಮೊದಲು ಆ ಲಿಂಕ್ ರೀಸೆಟ್ ಮಾಡಿ. ಸೇರುವ ಲಿಂಕ್ ಇರುವ ಪುಟದಲ್ಲೇ ಆ ಸೌಲಭ್ಯವಿದೆ. ಅದನ್ನು ಮಾಡದೆ ಎಷ್ಟು ಜನರನ್ನು ತೆಗೆದರೂ ಹಳೆಯ ಲಿಂಕ್ ಊರೆಲ್ಲ ತಿರುಗುತ್ತಲೇ ಇರುತ್ತದೆ. ಆಮೇಲೆ ಗ್ರೂಪ್ ಪರ್ಮಿಷನ್ಸ್‌ಗೆ ಹೋಗಿ, ಹೊಸಬರು ಅಡ್ಮಿನ್ ಒಪ್ಪಿದ ಮೇಲೆಯೇ ಒಳಬರುವಂತೆ ಮಾಡಿ. ಇತರರನ್ನು ಸೇರಿಸುವ ಅಧಿಕಾರವೂ ಅಡ್ಮಿನ್‌ಗಳಿಗೆ ಮಾತ್ರ ಇರಲಿ. ಜಾಹೀರಾತು ಹಾಕಿದವರ ಸಂದೇಶವನ್ನು ಎಲ್ಲರ ಫೋನಿನಿಂದಲೂ ಅಳಿಸಿ, ಅವರನ್ನು ತೆಗೆಯಿರಿ. ಸುಮ್ಮನಿರುವವರನ್ನು ಮಾತ್ರ ತೆಗೆಯಬೇಡಿ. ಆರು ತಿಂಗಳು ಬರೀ ಓದಿ ಏಳನೆಯ ತಿಂಗಳು ಒಂದು ಒಳ್ಳೆಯ ಪ್ರಶ್ನೆ ಕೇಳುವವರು ಎಲ್ಲ ಗ್ರೂಪಿನಲ್ಲೂ ಇರುತ್ತಾರೆ.

ಇನ್ನು ಮುಂದೆ, ಸೇರಲು ಕೋರಿದವರಿಗೆ ವೈಯಕ್ತಿಕವಾಗಿ ನಾಲ್ಕು ಪ್ರಶ್ನೆ ಕಳಿಸಿ: ಯಾವ ಊರು? ಕುಂಡವೋ, ಗ್ರೋ ಬ್ಯಾಗೋ, ನೆಲವೋ? ದಿನಕ್ಕೆ ಎಷ್ಟು ಹೊತ್ತು ಬಿಸಿಲು? ಈಗ ಏನು ಬೆಳೆದಿದ್ದೀರಿ, ಅಥವಾ ಏನು ಬೆಳೆಯುವ ಆಸೆ? ಜಾಹೀರಾತಿಗೆಂದೇ ಬರುವವರು ಇದಕ್ಕೆ ಉತ್ತರ ಬರೆಯುತ್ತಾ ಕೂರುವುದು ಅಪರೂಪ. ‘ಒಂದು ದಾಸವಾಳ ಇದೆ, ಅದೂ ಒಣಗುತ್ತಿದೆ’ ಎಂದವರನ್ನು ಖಂಡಿತ ಸೇರಿಸಿಕೊಳ್ಳಿ.

ವಾರಕ್ಕೆ ಐದರಿಂದ ಎಂಟು ಜನ ಸಾಕು, ಅದೂ ಒಂದೇ ಗೊತ್ತಾದ ದಿನ, ಉದಾಹರಣೆಗೆ ಭಾನುವಾರ ಬೆಳಿಗ್ಗೆ. ಎಂಟು ಜನ ಬಂದರೆ ಅವರ ಮೊದಲ ಪ್ರಶ್ನೆಗೆ ಹಳಬರು ಉತ್ತರಿಸುತ್ತಾರೆ. ನೂರೈವತ್ತು ಜನ ಒಟ್ಟಿಗೆ ನುಗ್ಗಿದರೆ ಯಾರ ಪ್ರಶ್ನೆಗೂ ಉತ್ತರವಿಲ್ಲ, ಮೊದಲ ಪ್ರಶ್ನೆಗೆ ಉತ್ತರ ಸಿಗದವರು ಎರಡನೆಯದನ್ನು ಕೇಳುವುದಿಲ್ಲ. ವಾಟ್ಸಾಪ್ ಗ್ರೂಪಿನಲ್ಲಿ 1024 ಜನರಿಗೆ ಜಾಗವಿದೆ ನಿಜ. ಆದರೆ ಬೀಜ ಕೊಟ್ಟು ತೆಗೆದುಕೊಳ್ಳುವ ಗ್ರೂಪಿಗೆ ಒಬ್ಬರನ್ನೊಬ್ಬರು ಹೆಸರಿನಿಂದ ಗುರುತಿಸುವಷ್ಟೇ ಜನ ಇರಲಿ ಎನ್ನುವುದು ನಮ್ಮ ಅಭಿಪ್ರಾಯ.

ಪ್ರಶ್ನೆ: ಗಿಡ ಇಷ್ಟಪಡುವ ಪರಿಚಿತರನ್ನು ನಾನೇ ಗ್ರೂಪಿಗೆ ಸೇರಿಸಿದೆ. ಅರ್ಧದಷ್ಟು ಜನ ಅಂದೇ ಹೊರಟುಹೋದರು. ಒಬ್ಬರು ಬೈದರು ಕೂಡ. — ಓದುಗರು, ದಾವಣಗೆರೆ

ಉತ್ತರ: ಅವರ ಸಿಟ್ಟು ನ್ಯಾಯವಾದದ್ದೇ. ಗ್ರೂಪಿಗೆ ಸೇರಿಸಿದ ಕ್ಷಣ ಅವರ ಫೋನ್ ನಂಬರ್ ಒಳಗಿರುವ ಅಪರಿಚಿತರಿಗೆಲ್ಲ ಕಾಣುತ್ತದೆ. ಹೆಣ್ಣುಮಕ್ಕಳಿಗೆ ಇದರಿಂದ ಆಗುವ ಕಿರಿಕಿರಿ ಸಣ್ಣದಲ್ಲ. ಮೊದಲು ಕೇಳಿ, ‘ಹೂಂ’ ಎಂದ ಮೇಲೆ ಲಿಂಕ್ ಕಳಿಸಿ. ಆಹ್ವಾನದಲ್ಲಿ ನಿಜ ಇರಲಿ: ‘ಇದು 60 ಜನರ ಕೈತೋಟದ ಗ್ರೂಪ್. ದಿನಕ್ಕೆ ಹತ್ತಿಪ್ಪತ್ತು ಮೆಸೇಜ್ ಬರುತ್ತವೆ. ಮೇ ಮತ್ತು ಸೆಪ್ಟೆಂಬರ್‌ನಲ್ಲಿ ಬೀಜ ಹಂಚುತ್ತೇವೆ. ಮಾರಾಟವಿಲ್ಲ. ನಿಮ್ಮ ನಂಬರ್ ಎಲ್ಲರಿಗೂ ಕಾಣುತ್ತದೆ. ಬೇಡವೆನಿಸಿದರೆ ಹೇಳದೆಯೂ ಹೊರಡಬಹುದು.’

ಗ್ರೂಪ್ ಬಿಟ್ಟ ಸೂಚನೆ ಅಡ್ಮಿನ್‌ಗಳಿಗಷ್ಟೇ ಹೋಗುತ್ತದೆ. ‘ಯಾಕೆ ಬಿಟ್ಟಿರಿ’ ಎಂದು ಬೆನ್ನುಹತ್ತಬೇಡಿ. ನಂಬರ್ ತೋರಿಸಲು ಇಷ್ಟವಿಲ್ಲದವರೇ ಹೆಚ್ಚಿದ್ದರೆ ಟೆಲಿಗ್ರಾಂ ನೋಡಿ. ಅಲ್ಲಿ ನಂಬರ್ ಮರೆಮಾಡಬಹುದು, ಹಳೆಯ ಮಾತುಕತೆ ಹೊಸಬರಿಗೆ ಕಾಣುವಂತೆಯೂ ಮಾಡಬಹುದು.

ಪ್ರಶ್ನೆ: ಗುಡ್ ಮಾರ್ನಿಂಗ್ ಚಿತ್ರ, ಹಬ್ಬದ ಶುಭಾಶಯ, ರಾಜಕೀಯದ ವಿಡಿಯೊ. ಹಾಕುವವರೆಲ್ಲ ಹಿರಿಯರು, ಹೇಳುವುದು ಹೇಗೆ? — ಓದುಗರು, ಶಿರಸಿ

ಉತ್ತರ: ಗ್ರೂಪಿನೊಳಗೆ ಹೇಳಬೇಡಿ. ನಾಲ್ಕು ಜನರೆದುರು ಹೇಳಿಸಿಕೊಂಡ ಹಿರಿಯರು ಮತ್ತೆ ಬಾಯಿ ಬಿಡುವುದಿಲ್ಲ, ಅವರೊಂದಿಗೆ ಅವರ ನಲವತ್ತು ವರ್ಷದ ಮಣ್ಣಿನ ಅನುಭವವೂ ಹೋಗುತ್ತದೆ. ಚಿತ್ರ ಅಳಿಸಿ, ಅವರೊಬ್ಬರಿಗೇ ಬರೆಯಿರಿ: ‘ಸರ್, ಫೋಟೊ ಜಾಸ್ತಿಯಾದರೆ ಗಿಡದ ಪ್ರಶ್ನೆಗಳು ಮೇಲೆ ಹೋಗಿಬಿಡುತ್ತವೆ, ಅದಕ್ಕೆ ತೆಗೆದೆ. ನಿಮ್ಮ ಮಲ್ಲಿಗೆ ಬಳ್ಳಿ ಈಗ ಹೇಗಿದೆ, ಒಂದು ಫೋಟೊ ಹಾಕುತ್ತೀರಾ?’ ಎರಡನೆಯ ಸಲ ಫೋನ್ ಮಾಡಿ. ಮೂರನೆಯ ಸಲ ಅವರನ್ನು ಗ್ರೂಪಿನಿಂದ ತೆಗೆಯುವುದೇ ದಾರಿ. ರಾಜಕೀಯದ ವಿಡಿಯೊ ಯಾವ ಪಕ್ಷದ್ದಾದರೂ ಅಳಿಸಿ. ನಿಮಗೆ ಒಪ್ಪಿಗೆಯಾದದ್ದನ್ನು ಒಂದು ಸಲ ಬಿಟ್ಟರೆ ಅಲ್ಲಿಗೆ ನಿಮ್ಮ ಮಾತಿನ ಬೆಲೆ ಹೋಯಿತು.

ಪ್ರಶ್ನೆ: ಬೀಜ ವಿನಿಮಯದಲ್ಲಿ ಪ್ರತಿ ಸಲ ಜಗಳ. ಕೆಲವರ ಬೀಜ ಹುಟ್ಟಲೇ ಇಲ್ಲ. ಒಬ್ಬರು ಕೊಟ್ಟ ಸೋರೆ ಬೀಜದಿಂದ ಬಂದ ಕಾಯಿ ಕಹಿ. ಕೆಲವರು ಬರೀ ತೆಗೆದುಕೊಳ್ಳುತ್ತಾರೆ. — ಓದುಗರು, ತುಮಕೂರು

ಉತ್ತರ: ಮೊದಲು ಕಹಿ ಸೋರೆಯ ಮಾತು, ಏಕೆಂದರೆ ಇದು ಜೀವದ ಪ್ರಶ್ನೆ. ಸೋರೆಯಲ್ಲಿ ಕಹಿ ತರುವ ಕುಕುರ್ಬಿಟಾಸಿನ್ ವಿಷ. ಕಹಿ ಸೋರೆಯ ರಸ ಕುಡಿದು ತೀವ್ರ ವಾಂತಿ, ಹೊಟ್ಟೆಯಲ್ಲಿ ರಕ್ತಸ್ರಾವ ಆದದ್ದಿದೆ, ಸಾವುಗಳೂ ಸಂಭವಿಸಿವೆ. ಆ ಬೀಜ ಪಡೆದವರಿಗೆಲ್ಲ ಅಂದೇ ತಿಳಿಸಿ. ತುದಿಯ ಚೂರು ನಾಲಿಗೆಗೆ ಮುಟ್ಟಿಸಿ ಕಹಿ ಎನಿಸಿದರೆ ಉಗುಳಿ, ಇಡೀ ಕಾಯಿ ಬಿಸಾಡಲಿ. ಬೇಯಿಸಿದರೆ ಕಹಿ ಹೋಗುವುದಿಲ್ಲ. ಕೊಟ್ಟವರ ಹೆಸರು ಎತ್ತಿ ಹಳಿಯುವುದು ಬೇಡ, ಆದರೆ ಅವರ ಮರ್ಯಾದೆ ಉಳಿಸಲೆಂದು ವಿಷಯ ಮುಚ್ಚಿಡುವುದಂತೂ ಕೂಡದು.

ಹುಟ್ಟದ ಬೀಜಕ್ಕೆ ಪರಿಹಾರ ಸುಲಭ. ಹಂಚುವ ಹದಿನೈದು ದಿನ ಮೊದಲು ಹತ್ತು ಬೀಜವನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿ, ಬಟ್ಟೆ ಒಣಗದಂತೆ ನೋಡಿಕೊಳ್ಳಬೇಕು. ಏಳು ಮೊಳೆತರೆ ಕಳಿಸಿ. ಐದಕ್ಕಿಂತ ಕಡಿಮೆಯಾದರೆ ಬೇಡ. ಹಾಗಲದಂಥ ಗಟ್ಟಿ ಸಿಪ್ಪೆಯ ಬೀಜವನ್ನು ರಾತ್ರಿಯಿಡೀ ನೆನೆಸಿಯೇ ಪರೀಕ್ಷಿಸಿ. ಈರುಳ್ಳಿ ಬೀಜದ ಶಕ್ತಿ ಒಂದು ವರ್ಷಕ್ಕೇ ಕುಂದುತ್ತದೆ. ಟೊಮೆಟೊ, ಸೌತೆ ಬೀಜ ಒಣಗಿಸಿ ಇಟ್ಟರೆ ಮೂರು ನಾಲ್ಕು ವರ್ಷ ಬಾಳುತ್ತವೆ. ಹಾಗಾಗಿ ಪ್ರತಿ ಪೊಟ್ಟಣದ ಮೇಲೆ ಬೀಜದ ಹೆಸರು, ಊರು, ಕಾಯಿ ಬಿಡಿಸಿದ ತಿಂಗಳು, ಹತ್ತರಲ್ಲಿ ಎಷ್ಟು ಮೊಳೆತವು, ಹತ್ತಿರ ಅದೇ ಜಾತಿಯ ಬೇರೆ ತಳಿ ಇತ್ತೇ ಎಂಬುದನ್ನು ಬರೆಯುವುದು ಕಡ್ಡಾಯ ಮಾಡಿ.

ಕೊನೆಯದನ್ನು ಎಲ್ಲರೂ ಮರೆಯುತ್ತಾರೆ. ಸೋರೆ, ಹೀರೆ, ಕುಂಬಳಕ್ಕೆ ಜೇನು ಎಲ್ಲಿಂದ ಪರಾಗ ತರುತ್ತದೋ ಹೇಳಲಾಗದು. ತಳಿ ಉಳಿಸಬೇಕೆಂದರೆ ನಾಳೆ ಅರಳುವ ಗಂಡು ಹೂ, ಹೆಣ್ಣು ಹೂಗಳನ್ನು ಮೊದಲೇ ದಾರದಿಂದ ಕಟ್ಟಿ, ಅರಳುವ ಹೊತ್ತಿಗೆ ಬಿಚ್ಚಿ, ಗಂಡು ಹೂವಿನ ಪರಾಗ ಮುಟ್ಟಿಸಿ, ಹೆಣ್ಣು ಹೂವನ್ನು ಮತ್ತೆ ಕಟ್ಟಿ ಗುರುತಿಡಬೇಕು. ಕುಂಬಳ ಅರಳುವುದು ನಸುಕಿನಲ್ಲಿ, ಹೀರೆ ಮತ್ತು ಸೋರೆ ಸಂಜೆ. ಎಲ್ಲಕ್ಕೂ ಬೆಳಿಗ್ಗೆಯೇ ಹೋದರೆ ಹೀರೆ, ಸೋರೆ ತಪ್ಪಿಹೋಗುತ್ತವೆ. ಇದಾಗದವರು ಅವರೆ, ಅಲಸಂದೆ, ಟೊಮೆಟೊ ಬೀಜ ಕೊಡಲಿ. ಅವು ಬಹುಮಟ್ಟಿಗೆ ತಮ್ಮ ಹೂವಿನ ಪರಾಗದಿಂದಲೇ ಕಾಯಿ ಕಟ್ಟುತ್ತವೆ.

ಬರೀ ತೆಗೆದುಕೊಳ್ಳುವವರ ಬಗ್ಗೆ ಹೆಚ್ಚು ಬೇಸರ ಬೇಡ. ಹೊಸಬರ ಹತ್ತಿರ ಕೊಡಲು ಏನಿರುತ್ತದೆ? ಮೊದಲ ಸಲ ಮೂರು ಪೊಟ್ಟಣದ ಮಿತಿ ಹಾಕಿ. ಮುಂದಿನ ಸಲ ಬೀಜವನ್ನೋ, ಬೆಳೆದದ್ದರ ಫೋಟೊವನ್ನೋ ತರಲಿ. ಒಂದು ಪೊಟ್ಟಣಕ್ಕೆ ಬದನೆ, ಟೊಮೆಟೊ ಬೀಜ ಇಪ್ಪತ್ತು, ಹೀರೆ, ಹಾಗಲ ಆರು, ಅವರೆ ಹತ್ತು ಸಾಕು. ಬೀಜ ಬೇಕಾದವರು ತಮ್ಮ ವಿಳಾಸ ಬರೆದು ಅಂಚೆಚೀಟಿ ಹಚ್ಚಿದ ಲಕೋಟೆಯನ್ನು ಹಂಚುವವರಿಗೆ ಕಳಿಸಲಿ. ಆಗ ಖರ್ಚಿನ ತಕರಾರಿಲ್ಲ, ವಿಳಾಸವೂ ಗ್ರೂಪಿನಲ್ಲಿ ಬೀಳುವುದಿಲ್ಲ. ಬೀಜವನ್ನು ಎರಡು ರಟ್ಟಿನ ಚೂರುಗಳ ನಡುವೆ ಇಡಿ. ಬರೀ ಲಕೋಟೆಗೆ ಹಾಕಿದರೆ ಅಂಚೆಯ ಮುದ್ರೆ ಬೀಳುವಾಗ ನುಚ್ಚಾಗುತ್ತದೆ. ಬಸಳೆ, ದಾಸವಾಳದ ಕಾಂಡ ಕೊಡುವವರು ಗೆಣ್ಣುಗಳ ಸಂದಿ ನೋಡಬೇಕು. ಹಿಟ್ಟು ತಿಗಣೆ ಮನೆಯಿಂದ ಮನೆಗೆ ಹೋಗುವುದು ಹೀಗೆಯೇ.

ಪ್ರಶ್ನೆ: ‘ಎಲೆ ಮುದುಡಿದೆ, ಏನು ಮಾಡಲಿ?’ ದಿನಾ ಇದೇ ಪ್ರಶ್ನೆ, ಹತ್ತು ಬಗೆಯ ಉತ್ತರ. — ಓದುಗರು, ಹುಬ್ಬಳ್ಳಿ

ಉತ್ತರ: ಕೇಳುವ ರೀತಿಯನ್ನು ಕಲಿಸಿ: ಇಡೀ ಗಿಡದ ಒಂದು ಫೋಟೊ, ಎಲೆಯ ಮೇಲ್ಭಾಗದ್ದೊಂದು, ಅಡಿಭಾಗದ್ದೊಂದು, ನೀರು ಎಷ್ಟು ದಿನಕ್ಕೊಮ್ಮೆ ಎಂಬ ಮಾತು. ಮೆಣಸಿನ ಎಲೆ ಮೇಲಕ್ಕೆ ದೋಣಿಯಂತೆ ಮುದುಡಿದರೆ ಸಾಮಾನ್ಯವಾಗಿ ಥ್ರಿಪ್ಸ್ ಎಂಬ ಸಣ್ಣ ಕೀಟ, ಕೆಳಕ್ಕೆ ಮಡಚಿದರೆ ನುಸಿ. ಅಡಿಭಾಗ ನೋಡದೆ ಹೇಳುವುದೆಲ್ಲ ಊಹೆ. ರಾಸಾಯನಿಕದ ಹೆಸರು, ಪ್ರಮಾಣವನ್ನು ಗ್ರೂಪಿನಲ್ಲಿ ಬರೆಯುವುದಕ್ಕೆ ನಾವಂತೂ ಒಪ್ಪುವುದಿಲ್ಲ. ತಿನ್ನುವ ಸೊಪ್ಪಿಗೆ ಅದನ್ನು ಹೊಡೆದವರನ್ನು ತಡೆಯಲು ಅಡ್ಮಿನ್‌ಗೆ ಆಗದು. ಒಳ್ಳೆಯ ಉತ್ತರಗಳನ್ನು ಒಂದು ಪಿಡಿಎಫ್‌ನಲ್ಲಿ ಕೂಡಿಸುತ್ತಾ, ಸೇರಿದವರಿಗೆಲ್ಲ ಮೊದಲ ದಿನವೇ ಕೊಡಿ. ಪಿನ್ ಮಾಡಿದ ಸಂದೇಶವನ್ನೇ ನಂಬಬೇಡಿ, ಹೆಚ್ಚೆಂದರೆ 30 ದಿನಕ್ಕೆ ಅದು ತಾನಾಗಿ ಇಳಿಯುತ್ತದೆ.

ಪ್ರಶ್ನೆ: ಅಮೆರಿಕದಲ್ಲಿರುವ ಸದಸ್ಯರು ಅವರೆ ಬೀಜ ಅಂಚೆಯಲ್ಲಿ ಕೇಳುತ್ತಿದ್ದಾರೆ. ಕಳಿಸಬಹುದೇ? — ಓದುಗರು, ಬೆಂಗಳೂರು

ಉತ್ತರ: ಹಾಗೇ ಲಕೋಟೆಯಲ್ಲಿಟ್ಟು ಕಳಿಸುವಂತಿಲ್ಲ. ಸಸ್ಯ ಆರೋಗ್ಯ ಪ್ರಮಾಣಪತ್ರವೋ, ಅಲ್ಲಿನ ಕೃಷಿ ಇಲಾಖೆಯಿಂದ ಅವರು ಪಡೆಯುವ ಸಣ್ಣ ಪ್ರಮಾಣದ ಬೀಜದ ಪರವಾನಗಿಯೋ ಬೇಕು. ಆಸ್ಟ್ರೇಲಿಯಾದ ನಿಯಮ ಇನ್ನೂ ಬಿಗಿ. ವಿದೇಶದಿಂದ ಇಲ್ಲಿಗೆ ತರುವುದಕ್ಕೂ ಭಾರತದ 2003ರ ಸಸ್ಯ ಸಂಗರೋಧ (ಕ್ವಾರಂಟೈನ್) ಆದೇಶ ಅನ್ವಯಿಸುತ್ತದೆ. ವಿದೇಶದ ಸದಸ್ಯರನ್ನು ಆಹ್ವಾನಿಸುವಾಗಲೇ ಇದನ್ನು ತಿಳಿಸಿ, ಒಂದೇ ದೇಶದಲ್ಲಿರುವವರನ್ನು ಪರಸ್ಪರ ಪರಿಚಯ ಮಾಡಿಸಿ. ಅಲ್ಲಿಯೇ ಅವರೆ ಬೆಳೆದು ಬೀಜ ಎತ್ತಿಟ್ಟವರು ಒಬ್ಬರು ಸಿಕ್ಕರೂ ಕೇಳಿದವರ ಕೆಲಸ ಆಗುತ್ತದೆ.