ಸಲಾದೀನನ ಔದಾರ್ಯ ಕಟ್ಟುಕತೆಯೇ?

ಪ್ರಶ್ನೆ: ಕಳೆದ ಸಂಚಿಕೆಯಲ್ಲಿ, ಹನ್ನೆರಡನೆಯ ಶತಮಾನದಲ್ಲಿ ಈಜಿಪ್ಟ್, ಸಿರಿಯಾಗಳನ್ನು ಆಳಿದ ಸುಲ್ತಾನ ಸಲಾದೀನನನ್ನು ಉದಾರಿ ಎಂದು ಹೊಗಳಿದ್ದೀರಿ. ಅದು ಯುರೋಪಿನ ಕಾದಂಬರಿಕಾರರು ಹೆಣೆದ ಕತೆ. ಹತ್ತೀನ್ ಕದನದಲ್ಲಿ ಸೆರೆ ಸಿಕ್ಕವರನ್ನು ಕೊಲ್ಲಿಸಿದವನು ಅವನೇ ಅಲ್ಲವೇ? (ಓದುಗರೊಬ್ಬರು)

ಸಂಪಾದಕರ ಉತ್ತರ: ಹೌದು, ಕೊಲ್ಲಿಸಿದ. 1187ರ ಜುಲೈನಲ್ಲಿ ಪ್ಯಾಲೆಸ್ತೀನಿನ ಹತ್ತೀನ್ ಕದನದಲ್ಲಿ ಕ್ರುಸೇಡಿನವರನ್ನು, ಎಂದರೆ ಜೆರುಸಲೇಮಿಗಾಗಿ ಧರ್ಮಯುದ್ಧ ಹೂಡಿದ ಯುರೋಪಿನ ಕ್ರೈಸ್ತರನ್ನು, ಗೆದ್ದ ಮೇಲೆ ಅವರ ಟೆಂಪ್ಲರ್ ಮತ್ತು ಹಾಸ್ಪಿಟಲರ್ ಎಂಬ ಸನ್ಯಾಸಿ-ಯೋಧರ ಪಂಗಡಗಳ ಸುಮಾರು 200 ಮಂದಿಯ ತಲೆ ಉರುಳಿತು. ಆದರೆ ಇದನ್ನು ಬರೆದಿಟ್ಟವರು ಯಾರೆಂದು ತಾವು ವಿಚಾರಿಸಿದಂತಿಲ್ಲ. ಸುಲ್ತಾನನ ಕಾರ್ಯದರ್ಶಿ ಇಮಾದುದ್ದೀನನೇ ಬರೆದ. ಔದಾರ್ಯಕ್ಕೂ ಅಷ್ಟೇ ಹತ್ತಿರದ ಸಾಕ್ಷಿಯಿದೆ, ಕಾದಂಬರಿಗಳಿಗಿಂತ ಆರು ಶತಮಾನ ಹಳೆಯದು.

1188ರಿಂದ ಸುಲ್ತಾನನ ಜೊತೆಗಿದ್ದ ಬಹಾವುದ್ದೀನ್ ಇಬ್ನ್ ಶದ್ದಾದ್ ತಾನು ಕಂಡ ಪ್ರಸಂಗವೊಂದನ್ನು ಹೇಳುತ್ತಾನೆ. ಮುಸ್ಲಿಂ ಪಾಳೆಯದ ಕಳ್ಳರು ರಾತ್ರಿ ಫ್ರಾಂಕರ (ಕ್ರುಸೇಡಿನವರನ್ನು ಮುಸ್ಲಿಮರು ಕರೆಯುತ್ತಿದ್ದ ಹೆಸರು) ಡೇರೆಗೆ ನುಗ್ಗಿ ಮೂರು ತಿಂಗಳ ಹಸುಗೂಸನ್ನು ಹೊತ್ತೊಯ್ದರು. ತಾಯಿ ಗೋಳಿಡುತ್ತ ಶತ್ರುವಿನ ಸುಲ್ತಾನನ ಮುಂದೆಯೇ ಬಂದು ಬಿದ್ದಳು. ಕುದುರೆಯ ಮೇಲಿದ್ದ ಅವನ ಕಣ್ಣು ತುಂಬಿತು. ಕೂಸು ಆಗಲೇ ಸಂತೆಯಲ್ಲಿ ಮಾರಾಟವಾಗಿತ್ತು. ಕೊಂಡವನಿಗೆ ಹಣ ಕೊಡಿಸಿ ಅದನ್ನು ತರಿಸಿದ. ತಾಯಿ ಅಲ್ಲೇ ಹಾಲೂಡಿಸಿದಳು. ಬಳಿಕ ಅವಳನ್ನು ಕುದುರೆಯೇರಿಸಿ ಅವಳ ಪಾಳೆಯಕ್ಕೇ ಕಳುಹಿಸಿದರು.

ಜೆರುಸಲೇಮಿನ ಮಾತಿಗೆ ಬರೋಣ. 1099ರಲ್ಲಿ ಕ್ರುಸೇಡಿನವರು ಆ ಊರು ಹಿಡಿದಾಗ ನಡೆದದ್ದು ಕಗ್ಗೊಲೆ; 1187ರ ಅಕ್ಟೋಬರಿನಲ್ಲಿ ಸಲಾದೀನನಿಗೆ ಅದು ಶರಣಾದಾಗ ಗಂಡಸಿಗೆ 10 ದಿನಾರ್ (ಚಿನ್ನದ ನಾಣ್ಯ), ಹೆಂಗಸಿಗೆ 5 ದಿನಾರ್ ಬಿಡುಗಡೆಯ ಹಣ ಗೊತ್ತಾಯಿತು. ಕೊಡಲಾಗದ ಸಾವಿರಾರು ಬಡವರು ದಾಸ್ಯಕ್ಕೆ ಹೋದರೆಂಬುದನ್ನೂ ಮರೆಯಬಾರದು. ಅವರಲ್ಲಿ ಸಾವಿರ ಮಂದಿಯನ್ನು ಸುಲ್ತಾನನ ತಮ್ಮನಾದ ಆದಿಲ್ ಕೇಳಿ ಪಡೆದು ಬಿಟ್ಟುಕಳುಹಿಸಿದ.

ನನ್ನನ್ನು ಕಾಡುವುದು ತಮ್ಮೊಬ್ಬರ ಪತ್ರವಲ್ಲ. ಯಾವ ಹಳೆಯ ಅರಸನ ಬಗ್ಗೆ ಬರೆದರೂ ಈಚೆಗೆ ಬರುವ ಪ್ರಶ್ನೆ ಒಂದೇ: ಅವನು ನಮ್ಮವನೋ, ಅವರವನೋ? ಮೊಬೈಲಿಗೆ ಬಂದ ನಾಲ್ಕು ಸಾಲು ಸಾಕಾಗುತ್ತದೆ, ಇಡೀ ಪುಸ್ತಕ ಓದುವ ತಾಳ್ಮೆ ಯಾರಿಗೂ ಇಲ್ಲ. ಇತ್ತ ಸಲಾದೀನನನ್ನು ಮತದ ಧ್ವಜವಾಗಿ ಎತ್ತಿ ಮೆರೆಸುವವರೂ, ಈ ಕುರ್ದ್ ಸೇನಾನಿ 1171ರಲ್ಲಿ ಮುಸ್ಲಿಮರೇ ಆದ ಈಜಿಪ್ಟಿನ ಫಾತಿಮಿ ಖಲೀಫರ ಆಳ್ವಿಕೆಯನ್ನು ಕೊನೆಗಾಣಿಸಿದ್ದನ್ನು, ದಮಾಸ್ಕಸ್, ಅಲೆಪ್ಪೊಗಳಿಗಾಗಿ ಸ್ವಮತೀಯರೊಡನೆಯೇ ವರ್ಷಗಟ್ಟಲೆ ಕಾದಾಡಿದ್ದನ್ನು ಬಾಯಿಬಿಟ್ಟು ಹೇಳುವುದಿಲ್ಲ.

ತಪ್ಪು ಹುಡುಕುವ ತಮ್ಮ ಹಟ ನನಗೆ ಹಿಡಿಸಿತು. ಹಾಗಿದ್ದರೆ ಬಹಾವುದ್ದೀನನನ್ನೇ ಓದಿ. 1193ರಲ್ಲಿ ಸುಲ್ತಾನ ತೀರಿಕೊಂಡಾಗ ಖಜಾನೆಯಲ್ಲಿದ್ದದ್ದು 47 ದಿರ್ಹಮ್ (ಬೆಳ್ಳಿ ನಾಣ್ಯ) ಮತ್ತು ಒಂದು ಚಿನ್ನದ ನಾಣ್ಯ. ಕಂಡರೆ ದಾನ ಮಾಡಿಬಿಡುತ್ತಾನೆಂದು ಖಜಾಂಚಿಗಳು ಆಪತ್ಕಾಲಕ್ಕೆಂದು ಅವನಿಂದಲೇ ಹಣ ಬಚ್ಚಿಡುತ್ತಿದ್ದರಂತೆ. ರಾಜ್ಯದ ಬೊಕ್ಕಸವನ್ನು ಹಾಗೆ ಬರಿದುಮಾಡಿದ್ದು ಸರಿಯೇ ಎಂದು ತಾವು ಕೇಳಿದ್ದರೆ, ನಾನೂ ತಮ್ಮ ಪಕ್ಷ ವಹಿಸುತ್ತಿದ್ದೆ.